ಮಾದರಿಗೆ ತಂದ ಅಲ್ಪಾಕ

ಸೋಮಲಿಂಗ ಎಂಬ ಶಿಷ್ಯ ಕೇಳಿದ: "ಗುರುಗಳೇ, ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಮನೆ ಮಾಡಬೇಕೆಂದಿದ್ದೇನೆ. ಆದರೆ ಎಷ್ಟು ಖರ್ಚಾಗುತ್ತದೋ, ನನ್ನಿಂದ ಆಗುತ್ತದೋ ಇಲ್ಲವೋ ತಿಳಿಯದು. ಮೊದಲು ಒಂದೇ ಮಗುವನ್ನು ತಂದು, ಒಂದು ವರ್ಷ ಇಟ್ಟುಕೊಂಡು ನೋಡಲೇ? ಸರಿಹೋದರೆ ಮುಂದುವರಿಸುತ್ತೇನೆ. ಇಲ್ಲದಿದ್ದರೆ ಎಲ್ಲಿತ್ತೋ ಅಲ್ಲಿಗೇ ಬಿಟ್ಟು ಬರುತ್ತೇನೆ."

"ಜಾಣ ನೀನು," ಎಂದರು ಗುರುಗಳು. "ನಿನ್ನಂಥದೇ ಜಾಣ ವ್ಯಾಪಾರಿಯೊಬ್ಬನಿದ್ದ. ಅವನ ಕತೆ ಕೇಳು." ಹೀಗೆಂದು ಹೇಳತೊಡಗಿದರು.

ಅವನು ಶಾಲು ವ್ಯಾಪಾರಿ. ಒಮ್ಮೆ ಅವನ ಕೈಗೆ ಅಲ್ಪಾಕದ ಉಣ್ಣೆಯ ಶಾಲು ಬಂತು. ಅಲ್ಪಾಕ ಎಂದರೆ ಕಡಲಾಚೆಯ ಬೆಟ್ಟಗಳ ದೇಶದ ಪ್ರಾಣಿ. ಒಂಟೆಯ ಕುಲದ್ದು, ಮೈತುಂಬ ಕುರಿಗಿಂತ ನಯವಾದ ಉಣ್ಣೆ. ಆ ಶಾಲನ್ನು ಮುಟ್ಟಿದ ಮೇಲೆ ಅವನಿಗೆ ಬೇರೆ ಯಾವ ಶಾಲೂ ಹಿಡಿಸಲಿಲ್ಲ. ಆ ಪ್ರಾಣಿಯನ್ನು ತಾನೇ ಸಾಕಬೇಕೆಂದು ಕಡಲು ದಾಟಿ ಆ ದೇಶಕ್ಕೆ ಹೊರಟ.

ಬೆಟ್ಟದಲ್ಲಿ ಒಬ್ಬ ಮುದುಕಿ ಹಿಂಡು ಮೇಯಿಸುತ್ತಿದ್ದಳು. ವ್ಯಾಪಾರಿ ಒಂದು ಪ್ರಾಣಿಯನ್ನು ತೋರಿಸಿ ಬೆಲೆ ಕೇಳಿದ.

"ಒಂದ ಒಂದು ಕೊಡಂಗಿಲ್ಲಪ್ಪ," ಎಂದಳು ಮುದುಕಿ. "ಮೂರು ಒಯ್ಯೋದಿದ್ರ ಹೇಳು. ಒಂಟಿ ಮಾಡಿದ್ರ ಇದು ಬದುಕಂಗಿಲ್ಲ."

ವ್ಯಾಪಾರಿ ಒಳಗೊಳಗೇ ನಕ್ಕ. ಇಂಥ ಮಾತನ್ನು ಅವನು ಬೇಕಾದಷ್ಟು ಕೇಳಿದ್ದ, ತಾನೂ ಆಡಿದ್ದ. ಒಂದು ಕೊಳ್ಳಲು ಬಂದವನ ಕೈಗೆ ಮೂರು ಕೊಟ್ಟು ಕಳಿಸುವುದು ಅವನ ಅಂಗಡಿಯಲ್ಲೂ ನಡೆಯುತ್ತಿತ್ತು. ಅವನ ಕಸುಬಿನಲ್ಲಿ ಒಂದು ನಿಯಮವಿತ್ತು. ಹೊಸ ಸರಕಾದರೆ ಮೊದಲು ಮಾದರಿಗೆ ಒಂದನ್ನು ತರಿಸುವುದು. ಅದು ಮಾರಿಹೋದರೆ ಮಾತ್ರ ಮೂಟೆ ತರಿಸುವುದು. ಆ ನಿಯಮ ಅವನನ್ನು ಎಂದೂ ಮುಳುಗಿಸಿರಲಿಲ್ಲ. ಪಕ್ಕದ ಬೆಟ್ಟಕ್ಕೆ ಹೋಗಿ, ಬೇರೊಬ್ಬನಿಗೆ ಹೆಚ್ಚು ಹಣ ಕೊಟ್ಟು, ಒಂದೇ ಪ್ರಾಣಿಯನ್ನು ತಂದ.

ಅವನು ಜಿಪುಣನಲ್ಲ, ಅದನ್ನೂ ಹೇಳಬೇಕು. ನಾಯಿಗಳು ನುಗ್ಗದಂತೆ ಎತ್ತರದ ಬೇಲಿ ಹಾಕಿಸಿದ. ತಂಪಾದ ಕೊಟ್ಟಿಗೆ ಕಟ್ಟಿಸಿದ. ಒಳ್ಳೆಯ ಹುಲ್ಲು ತರಿಸಿದ. ಉಗುರು ತೆಗೆಯಲು, ಉಣ್ಣೆ ಕತ್ತರಿಸಲು ಆಳು ಗೊತ್ತುಮಾಡಿದ. ಶುರುವಿನಲ್ಲಿ ಕೈ ಬಿಗಿ ಹಿಡಿಯಬಾರದು ಎನ್ನುತ್ತಿದ್ದ.

ಪ್ರಾಣಿ ಬೇಲಿಯ ಬಳಿ ನಿಂತು ದಿನವೆಲ್ಲ ಸಣ್ಣದಾಗಿ ಗುನುಗುತ್ತಿತ್ತು. ಹೊಸ ಜಾಗ ಒಗ್ಗಿದೆ, ಖುಷಿಯಲ್ಲಿ ಹಾಡುತ್ತಿದೆ ಎಂದುಕೊಂಡ. ನೆಂಟರನ್ನು ಕರೆದು ಕೇಳಿಸಿದ. ನೆಂಟರೂ ತಲೆದೂಗಿದರು. ಹುಲ್ಲು ಮಾತ್ರ ಹಾಕಿದಷ್ಟೂ ಉಳಿಯುತ್ತಿತ್ತು. ಇನ್ನೂ ಒಳ್ಳೆಯ ಹುಲ್ಲು ತರಿಸಿದ.

ಒಂದು ದಿನ ಕುರಿ ಕಾಯುವವನೊಬ್ಬ ತನ್ನ ಮಂದೆಯನ್ನು ಆ ದಾರಿಯಲ್ಲಿ ಹೊಡೆದುಕೊಂಡು ಬಂದ. ಪ್ರಾಣಿ ಕುರಿಗಳ ಜೊತೆಜೊತೆಗೇ ಬೇಲಿಯ ಉದ್ದಕ್ಕೂ ಓಡಿತು. ಬೇಲಿ ಮುಗಿದಲ್ಲಿ ನಿಂತು, ಕತ್ತು ಚಾಚಿ ನೋಡುತ್ತ ಉಳಿಯಿತು.

"ಸಾವ್ಕಾರ್ರ, ಇದರ ಜೋಡಿ ಎಲ್ಲೈತ್ರಿ?" ಎಂದು ಕುರಿಯವನು ಕೇಳಿದ.

"ಒಂದ ತಂದೀನಿ. ಕೇಳಿಲ್ಲಿ, ಎಷ್ಟ ಚಂದ ಹಾಡತೈತಿ."

"ಹಾಡಲ್ರೀ ಅದು. ಕರಿಯಾಕತ್ತೈತಿ."

ವ್ಯಾಪಾರಿ ಅಂದೇ ಮುದುಕಿಗೆ ಹೇಳಿ ಕಳಿಸಿದ: ನನ್ನಲ್ಲಿ ಒಂದಿದೆ, ಇನ್ನೆರಡು ಬೇಕು. ಸುದ್ದಿ ಕಡಲು ದಾಟಿ ಹೋಗಿ ಪ್ರಾಣಿಗಳು ಬರಲು ನಾಲ್ಕು ತಿಂಗಳು ಬೇಕಿತ್ತು. ಅಲ್ಲಿಯವರೆಗೆ ಅಂಗಡಿ ಬಿಟ್ಟು ಕೊಟ್ಟಿಗೆಯಲ್ಲೇ ಕೂತ. ಕೈಯಾರೆ ತಿನ್ನಿಸಿ ನೋಡಿದ. ಮೂರನೆಯ ತಿಂಗಳಲ್ಲಿ ಪ್ರಾಣಿ ಸತ್ತಿತು.

ಹಡಗು ಬಂದಾಗ ಅದರಿಂದ ಇಳಿದದ್ದು ಎರಡಲ್ಲ, ಮೂರು. ವ್ಯಾಪಾರಿ ಎರಡಕ್ಕೆ ಮಾತ್ರ ಹಣ ಕಳಿಸಿದ್ದ. ಒಂಟಿ ಪ್ರಾಣಿ ಅಷ್ಟು ದಿನ ಉಳಿಯದೆಂದು ಮುದುಕಿಗೆ ಗೊತ್ತಿತ್ತು.

ಆ ಮೂರೂ ಬಂದ ದಿನವೇ ಹುಲ್ಲಿಗೆ ಬಾಯಿ ಹಾಕಿದವು. ಕೆಲವು ವರ್ಷಗಳಲ್ಲಿ ಹಿಂಡು ಬೆಳೆಯಿತು, ವ್ಯಾಪಾರಿ ಹೆಸರು ಮಾಡಿದ. ಹೊಸದಾಗಿ ಸಾಕಲು ಹೊರಟವರು ಅವನನ್ನೇ ಕೇಳಲು ಬರುತ್ತಿದ್ದರು. ಬೇಲಿಗೆ ಇಷ್ಟು, ಕೊಟ್ಟಿಗೆಗೆ ಇಷ್ಟು, ಮೇವಿಗೆ ಇಷ್ಟು ಎಂದು ಒಂದನ್ನೂ ಬಿಡದೆ ಹೇಳುತ್ತಿದ್ದ. ಮೊದಲ ಪ್ರಾಣಿಯ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ನನಗೆ ಅವನ ಮೇಲೆ ಇಂದಿಗೂ ಸಿಟ್ಟಿರುವುದು ಅದಕ್ಕೇ.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗನಿಗೆ ಸಮಾಧಾನವಾದಂತಿತ್ತು. "ಎಡವಿದರೂ ಕೊನೆಗೆ ಕಲಿತನಲ್ಲ ಗುರುಗಳೇ," ಎಂದ.

"ಕಲಿತ, ಅದಕ್ಕೆ ಬೆಲೆ ತೆತ್ತದ್ದು ಆ ಪ್ರಾಣಿ. ನಿನ್ನ ಕಲಿಕೆಗೆ ಬೆಲೆ ತೆರಲು ಯಾವ ಮಗುವನ್ನು ಆರಿಸಿಕೊಂಡಿದ್ದೀಯ?"