ಹಳೇ ಅರಿವಿಯ ಪೆಟ್ಟಿಗೆ: ಮುಡಿಪವ್ವನ ವ್ರತದ ಕಥೆ

ಕೈಕಾಲು ತೊಳೆದು ಬಂದಿರಾ? ದೀಪದ ಬತ್ತಿ ಮುಂದಕ್ಕೆ ಸರಿಸಿರಿ. ಬಲಗೈಯಲ್ಲಿ ನಾಲ್ಕು ಅಕ್ಷತೆ ಹಿಡಿದು, ಕಡಲಾಚೆ ಕಳಿಸುವ ವಸ್ತುವನ್ನು ಮನಸ್ಸಿನಲ್ಲಿ ನೆನೆದು, ಮುಡಿಪವ್ವನ ಕಥೆ ಕೇಳಿರಿ. ಬೇರೆ ಊರಿನವರು ಇದನ್ನು ಅರ್ಧಂಬರ್ಧ ಹೇಳುತ್ತಾರೆ. ಪೂರ್ತಿ ಬಲ್ಲವರು ಎಳೆಗುಂದಿಯವರು ಮಾತ್ರ. ಯಾಕೆಂದರೆ ತಪ್ಪಿದವನೂ ನಮ್ಮವನೇ, ತಿದ್ದಿಕೊಂಡವನೂ ನಮ್ಮವನೇ.

ಒಂದಾನೊಂದು ಕಾಲದಲ್ಲಿ ಎಳೆಗುಂದಿಯಲ್ಲಿ ಸೋಮಲಿಂಗನೆಂಬ ನೇಕಾರನೂ ಅವನ ಹೆಂಡತಿ ನಾಗಲವ್ವನೂ ಇದ್ದರು. ಅವನು ಕಪ್ಪು ಸೀರೆ ನೇಯುವನು, ಅವಳು ಅದರ ಮೇಲೆ ಕಸೂತಿ ಹಾಕುವಳು. ಗೋಪುರ, ಆನೆ, ತುಳಸಿ ಬೃಂದಾವನ, ಎಲ್ಲವನ್ನೂ ಎಳೆ ಎಣಿಸಿ ಎಣಿಸಿ ತೆಗೆಯುವಳು. ಒಳಮೈ ಯಾವುದು, ಹೊರಮೈ ಯಾವುದು ಎಂದು ಹೇಳಲಾಗದು, ಎಲ್ಲಿಯೂ ಒಂದು ಗಂಟು ಕಾಣದು. ನಮ್ಮೂರ ಕಸೂತಿಯ ಮುಂದೆ ಉಳಿದವರದು ಬರೀ ಹೊಲಿಗೆ. ನಮ್ಮೂರೆಂದು ಹೇಳುತ್ತಿಲ್ಲ, ನೋಡಿದವರೇ ಹೇಳುತ್ತಾರೆ.

ಆ ಕೀರ್ತಿ ಕೇಳಿ ಪವಳದ್ವೀಪದ ರಾಣಿಯು ಮಗಳ ಮದುವೆಗೆ ಒಂದು ಸೀರೆ ಬೇಡಿ, ತಲುಪಿದ ದಿನವೇ ಅರವತ್ತು ಹೊನ್ನು ಕೊಡುವೆನೆಂದು ಹೇಳಿ ಕಳಿಸಿದಳು. ನಾಗಲವ್ವನಿಗೆ ಆಗಲೇ ಕಣ್ಣು ಮಂಜಾಗತೊಡಗಿತ್ತು. ಆ ಹೊನ್ನು ಬಂದರೆ ಸೂಜಿ ಕೆಳಗಿಟ್ಟು ಕಣ್ಣಿಗೆ ವಿಶ್ರಾಂತಿ ಕೊಡಬಹುದೆಂದು ಮೂರು ವರ್ಷ ಕೂತು ಸೀರೆ ಮುಗಿಸಿದಳು. ಸೋಮಲಿಂಗನು ಊರ ಕಟ್ಟೆಯ ಮೇಲೆ ಕೂತು, ಏಳು ಕಡಲಿನೊಳಗೆ ಇಂಥ ಸೀರೆಯಿಲ್ಲವೆಂದು ಮೀಸೆ ತಿರುವಿದನು.

ಆ ಕಾಲದಲ್ಲಿ ಶಂಖತೀರವೆಂಬ ರೇವಿನಲ್ಲಿ ಮುಡಿಪವ್ವನ ಗುಡಿ ಇತ್ತು. ಹಡಗಿಗೆ ಸರಕು ಏರಿಸುವವರು ಮೊದಲು ಅಲ್ಲಿ ದೀಪ ಹಚ್ಚಿ, ಪೆಟ್ಟಿಗೆ ತೆರೆದು, ಒಳಗೇನಿದೆ, ಬೆಲೆಯೆಷ್ಟೆಂದು ನಾಲ್ಕು ಜನರ ಮುಂದೆ ಹೇಳಿ, ಇಪ್ಪತ್ತರಲ್ಲೊಂದು ಪಾಲನ್ನು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಅವ್ವನ ತಾಮ್ರದ ಕೊಳಗಕ್ಕೆ ಹಾಕುವರು. ಯಾರ ಸರಕನ್ನು ಕಡಲು ನುಂಗಿತೋ, ಅವರು ಹೇಳಿದ ಬೆಲೆಯನ್ನು ಆ ಕೊಳಗ ತುಂಬಿಕೊಡುವುದು.

ಹೊರಡುವಾಗ ನಾಗಲವ್ವನು ಪಾಲಿಗೆಂದು ತನ್ನ ಬೆಳ್ಳಿಯ ಕಡಗ ಬಿಚ್ಚಿಕೊಟ್ಟು, "ಏನ್ರಿ, ರೇವಿನ್ಯಾಗ ಇದ್ದದ್ದು ಇದ್ದಂಗ ಹೇಳ್ರಿ. ನನ್ನ ಮೂರು ವರ್ಷದ ಕಣ್ಣು ಅದರಾಗ ಅದಾವ" ಎಂದಳು.

"ನನಗs ಬುದ್ಧಿ ಹೇಳ್ತಿಯೇನ?" ಎಂದು ಅವನು ನಕ್ಕು ಹೋದನು.

ಊರಲ್ಲಿ ಅಷ್ಟು ಕೊಚ್ಚಿಕೊಂಡವನಿಗೆ ರೇವಿನ ಗದ್ದಲ ಕಂಡು ಅಂಜಿಕೆ ಹುಟ್ಟಿತು. ಬೆಲೆ ಹೇಳಿದರೆ ದೃಷ್ಟಿಯಾದೀತು, ಕಳ್ಳರ ಕಣ್ಣು ಬಿದ್ದೀತು, ಕಡಗವೂ ಹೋದೀತು ಎಂದು ಎಣಿಸಿ ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡನು. ಗುಡಿಯ ಮೆಟ್ಟಿಲ ಮೇಲೆ ದೀಪ ಒರೆಸುತ್ತಿದ್ದ ಒಬ್ಬ ಮುದುಕಿ ಕೇಳಿದಳು: "ಪೆಟಗ್ಯಾಗ ಏನೈತಿ ತಮ್ಮಾ?"

"ಹಳೇ ಅರಿವಿ, ಮುದುಕಿ. ಕೌದಿ ಹೊಲಿಯಾಕ ನಿನಗ ಬೇಕೇನು?"

"ಹಳೇ ಅರಿವಿ ಅಂದ್ರ ಹಂಗs ಆಗ್ಲಿ" ಎಂದು ಮುದುಕಿ ಮತ್ತೆ ದೀಪ ಒರೆಸಿದಳು. ಅವನು ಪೆಟ್ಟಿಗೆ ತೆರೆಯದೆಯೇ ಸರಕಿನ ಪಟ್ಟಿಯಲ್ಲಿ ಹಳೇ ಅರಿವಿ, ಬೆಲೆ ನಾಲ್ವತ್ತು ಕವಡೆಯೆಂದು ಬರೆಸಿ, ಎರಡು ಕವಡೆ ಮುಡಿಪು ಹಾಕಿ ಊರಿಗೆ ಮರಳಿದನು.

ಹಡಗು ಹೋದ ಐದನೆಯ ದಿನ ಬಿರುಗಾಳಿಯೆದ್ದು ಒಳಗೆ ನೀರು ನುಗ್ಗಿತು. ಭಾರ ಇಳಿಸದೆ ಜೀವ ಉಳಿಯದೆಂದು ಹಡಗು ನಡೆಸುವ ತಂಡೇಲನು ಪಟ್ಟಿ ಬಿಡಿಸಿ, ಎಲ್ಲಕ್ಕಿಂತ ಕಡಿಮೆ ಬೆಲೆಯದನ್ನು ಮೊದಲು ಎಸೆಯಲು ಹೇಳಿದನು. ಹಳೇ ಅರಿವಿಯ ಪೆಟ್ಟಿಗೆಯೇ ಮೊದಲು ನೀರಿಗೆ ಬಿದ್ದಿತು. ಆಮೇಲೆ ಎರಡು ಮೂಟೆ ಹೊಟ್ಟು ಎಸೆಯುವಷ್ಟರಲ್ಲಿ ಗಾಳಿ ನಿಂತು, ಉಳಿದವರ ಸರಕೆಲ್ಲ ದಡ ಸೇರಿತು.

ಸುದ್ದಿ ತಿಳಿದು ಸೋಮಲಿಂಗನು ರೇವಿಗೆ ಓಡಿದನು. ಅವ್ವನ ಕೊಳಗದ ಲೆಕ್ಕ ನೋಡುವ ಪಟ್ಟಣಶೆಟ್ಟಿಯು ಪಟ್ಟಿ ನೋಡಿ, ಹಳೇ ಅರಿವಿಯ ಬೆಲೆಯಾದ ನಾಲ್ವತ್ತು ಕವಡೆಯನ್ನು ಎಣಿಸಿ ಅವನ ಅಂಗೈಗೆ ಹಾಕಿದನು. ಮುಷ್ಟಿ ಮುಚ್ಚಿಕೊಂಡು ಅವನು ಊರ ದಾರಿ ಹಿಡಿದನು.

ಮನೆಗೆ ಬಂದು ಎಲ್ಲವನ್ನೂ ಹೇಳಿದನು. ನಾಗಲವ್ವನು ಬಯ್ಯಲಿಲ್ಲ, ಅಳಲಿಲ್ಲ. "ಹಳೇ ಅರಿವಿ ಅಂದ್ರ್ಯಾ?" ಎಂದು ಒಂದೇ ಮಾತು ಕೇಳಿ, ಸೂಜಿಯನ್ನು ಗೋಡೆಯ ಸಂದಿಯಲ್ಲಿ ಚುಚ್ಚಿಟ್ಟವಳು ಆರು ತಿಂಗಳು ಅದನ್ನು ಮುಟ್ಟಲಿಲ್ಲ. ಕಡಲು ನುಂಗಿದ್ದಕ್ಕಿಂತ ಆ ಮಾತು ಅವನನ್ನು ಹೆಚ್ಚು ಸುಟ್ಟಿತು. ಪಾಪ, ಕೆಟ್ಟವನಲ್ಲ, ತನ್ನ ಮನೆಯ ಬೆಲೆಯನ್ನು ಪರರ ಮುಂದೆ ಹೇಳಲು ಅಂಜಿದನು, ಅಷ್ಟೇ.

ಅವನು ರೇವಿಗೆ ಹೋಗಿ ಮೂರು ದಿನ ಉಪವಾಸ ಮೆಟ್ಟಿಲ ಮೇಲೆ ಕೂತನು. ಮೂರನೆಯ ದಿನ ಅದೇ ಮುದುಕಿ ಬಂದು ಹೇಳಿದಳು: "ಕಡಲಾಗ ಬಿದ್ದದ್ದನ್ನ ನಾ ಎತ್ತಿ ಕೊಡೂದಿಲ್ಲ ತಮ್ಮಾ, ಅದು ನನ್ನ ಕೆಲಸಲ್ಲ. ಕಳಕೊಂಡವರ ಒಲಿ ಆರದಂಗ ನೋಡೂದು ನನ್ನ ಕೆಲಸ. ನೀ ಎಷ್ಟು ಹೇಳ್ತಿ, ಅಷ್ಟs ಕಾಯಾಕ ಬರ್ತೈತಿ ನನಗ."

ಹೀಗೆಂದು ವ್ರತದ ವಿಧಿ ತಿಳಿಸಿದಳು. ಶುಕ್ರವಾರ ದೀಪ ಹಚ್ಚಬೇಕು. ವಸ್ತುವನ್ನು ಬೆಳಕಿಗೆ ಬಿಡಿಸಿ ನಾಲ್ಕು ಜನರಿಗೆ ತೋರಿಸಬೇಕು. ಬೆಲೆಯನ್ನು ಒಂದು ಕವಡೆ ಹೆಚ್ಚಿಸದೆ, ಒಂದು ಕವಡೆ ಇಳಿಸದೆ ಹೇಳಿ ಬರೆಸಿ, ಒಂದು ಪಟ್ಟಿ ಜೊತೆಗೆ ಕಳಿಸಿ, ಒಂದನ್ನು ದಡದಲ್ಲಿಡಬೇಕು. ಮುಡಿಪು ಕಟ್ಟಿದ ಮೇಲೆಯೇ ಪೆಟ್ಟಿಗೆ ಮುಚ್ಚಬೇಕು. ಇಷ್ಟು ಹೇಳಿ ಅವಳು ಗುಡಿಯೊಳಗೆ ಹೋದಳು, ಹೊರಗೆ ಬರಲಿಲ್ಲ.

ಸೋಮಲಿಂಗನು ಊರಿಗೆ ಬಂದು, ಮೀಸೆ ತಿರುವಿದ ಅದೇ ಕಟ್ಟೆಯ ಮೇಲೆ ನಿಂತು, "ನನ್ನ ಹೇಣತಿ ಕಸೂತೀನ ನಾ ಹಳೇ ಅರಿವಿ ಅಂದೆ" ಎಂದು ಎಲ್ಲರ ಮುಂದೆ ಒಪ್ಪಿಕೊಂಡನು. ಅದನ್ನು ಕೇಳಿ ನಾಗಲವ್ವನು ಗೋಡೆಯ ಸೂಜಿಯನ್ನು ಕಿತ್ತಳು. ದಾರ ಪೋಣಿಸಲು ಅವಳಿಗೆ ಕಾಣದು. ದಿನವೂ ಬೆಳಗ್ಗೆ ಅವನೇ ಪೋಣಿಸಿಕೊಟ್ಟನು. ಐದು ವರ್ಷಕ್ಕೆ ಎರಡನೆಯ ಸೀರೆ ಮುಗಿಯಿತು. ರಾಣಿಯು ಈಗ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಅದನ್ನು ಅದೇ ಬೆಲೆಗೆ ಬೇಡಿದಳು.

ಅವನು ಗುಡಿಯಲ್ಲಿ ದೀಪ ಹಚ್ಚಿ, ಸೀರೆ ಬಿಡಿಸಿ, "ಎಳೆಗುಂದಿ ನಾಗಲವ್ವನ ಕೈಕೆಲಸ, ಅರವತ್ತು ಹೊನ್ನು" ಎಂದು ರೇವೆಲ್ಲ ಕೇಳುವಂತೆ ಕೂಗಿ, ಬೆಳ್ಳಿಯ ಕಡಗವನ್ನು ಮುಡಿಪು ಕಟ್ಟಿ ಹಾಕಿದನು. ದೈವದ ಪರೀಕ್ಷೆ ನೋಡಿರಿ: ಆ ಹಡಗು ಬಂಡೆಗೆ ಬಡಿದು ಒಡೆಯಿತು. ಜನ ಈಜಿ ಉಳಿದರು, ಸರಕು ಒಂದೂ ಉಳಿಯಲಿಲ್ಲ.

ಗಂಡಹೆಂಡಿರು ಸುದ್ದಿ ಕೇಳಿ ಮಂಕಾಗಿ ಕೂತಿರುವಾಗ, ಪಟ್ಟಣಶೆಟ್ಟಿಯೇ ತಾಮ್ರದ ಕೊಳಗ ಹೊರಿಸಿಕೊಂಡು ಬಾಗಿಲಿಗೆ ಬಂದನು. ಒಳಗೆ ಅರವತ್ತು ಹೊನ್ನಿನಷ್ಟು ಮುಡಿಪು. ಮೆಣಸಿನವರದು, ಕುಂಬಾರರದು, ಮುಖ ಕಾಣದ ಊರಿನವರದು. ನಾಗಲವ್ವನು ಕೈಯಿಳಿಸಿ ಗಂಟುಗಳನ್ನು ಒಂದೊಂದಾಗಿ ಸವರಿ, "ಇಷ್ಟು ಮಂದಿ ಕೈ ನಮ್ಮ ಬೆನ್ನ ಮ್ಯಾಲ ಇದ್ದೂವೇನ್ರಿ?" ಎಂದಳು.

ಅವರು ಉಡಿ ತುಂಬಲು ಶಂಖತೀರಕ್ಕೆ ಹೋದರು. ಗುಡಿಯಲ್ಲಿ ಅವ್ವನ ಮೂರ್ತಿಯು ಒದ್ದೆಯಾದ ಕಪ್ಪು ಸೀರೆಯುಟ್ಟು ನಿಂತಿದ್ದಿತು. ನಾಗಲವ್ವನು ಸೆರಗನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ಮೆಲ್ಲಗೆ ಹೇಳಿದಳು: "ಇದು ಮೊದಲಿಂದು ರೀ. ಹೊಲಿಗಿ ಸಣ್ಣದೈತಿ. ಆವಾಗ ನನಗ ಕಣ್ಣಿದ್ದೂ."

ಕೌದಿಗೆ ಬೇಕೇನೆಂದು ತಾನು ಕೇಳಿದ್ದು ಯಾರನ್ನೆಂದು ಅವನಿಗೆ ಆಗ ತಿಳಿಯಿತು. ಮರಳಿ ಕೊಡೆಂದು ಇಬ್ಬರೂ ಬೇಡಲಿಲ್ಲ. ನಾಗಲವ್ವನು ಅವ್ವನ ನಿರಿಗೆ ಸರಿಪಡಿಸಿ ಹೊರಗೆ ಬಂದಳು. ಆಮೇಲೆ ಸೂಜಿ ಹಿಡಿಯದೆ, ಕೇರಿಯ ಹುಡುಗಿಯರಿಗೆ ಎಳೆ ಎಣಿಸಲು ಕಲಿಸುತ್ತ ಸುಖವಾಗಿದ್ದಳು.

ಈಗ ಹಡಗಿನ ಬದಲು ವಿಮಾನ, ಮುಡಿಪಿನ ಬದಲು ವಿಮೆ. ಹೆಸರು ಬೇರೆಯಾದರೂ ಅವ್ವ ಅವಳೇ. ಒಡವೆಯಿರಲಿ, ವೀಣೆಯಿರಲಿ, ಕಳಿಸುವ ಮುನ್ನ ಬಿಡಿಸಿ ತೋರಿಸಿರಿ, ನಿಜ ಬೆಲೆ ಬರೆಸಿರಿ, ಪಾಲು ಕಟ್ಟಿರಿ, ಚೀಟಿಯನ್ನು ದೇವರ ಗೂಡಿನಲ್ಲಿಡಿರಿ. ಈ ಕಥೆ ಓದಿದವರ ವಸ್ತು ದಡ ಸೇರಲಿ. ಕೇಳಿದವರ ವಸ್ತು ದಡ ಸೇರದಿದ್ದರೂ ಅವರ ಒಲೆ ಆರದಿರಲಿ. ಹತ್ತು ಜನರಿಗೆ ಹೇಳಿದವರ ಬೆನ್ನ ಮೇಲೆ ನೂರು ಕೈಗಳಿರಲಿ. ಅಕ್ಷತೆಯನ್ನು ಪೆಟ್ಟಿಗೆಯ ಮೇಲೆ ಹಾಕಿ, ಇನ್ನು ಮುಚ್ಚಳ ಮುಚ್ಚಿರಿ.