ಸರದಾರನ ಸನ್ಮಾನ

ಬಸಲಿಂಗವ್ವ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಲವತ್ತು ವರ್ಷ ಖಾನಾವಳಿ ನಡೆಸಿದವಳು. ಜೋಳದ ರೊಟ್ಟಿ ಬಡಿಯುವುದರಲ್ಲಿ ಅವಳ ಕೈಯೇ ಕೈ. ಉಂಡವರು ‘ಸಾಕು’ ಅಂದರೆ ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಇನ್ನೊಂದು ರೊಟ್ಟಿ ತಾಟಿಗೆ ಬಿದ್ದೇ ಬೀಳುತ್ತಿತ್ತು.

ಎಪ್ಪತ್ತೆರಡನೆಯ ವಯಸ್ಸಿಗೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಮಾತು ಕೇಳದಾದವು. ಖಾನಾವಳಿಗೆ ಬೀಗ ಹಾಕಿ, ತಾನೇ ನಾಲ್ಕು ಕಡೆ ವಿಚಾರಿಸಿ, ಊರ ಹೊರಗಿನ ಒಂದು ವೃದ್ಧಾಶ್ರಮ ಸೇರಿದಳು. ಅಲ್ಲಿ ಅವಳನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಮೂರು ಹೊತ್ತೂ ಆಯಾ ಚಮಚದಲ್ಲಿ ತಿನ್ನಿಸುತ್ತಿದ್ದಳು. ಊರಿಗೆಲ್ಲ ಉಣಿಸಿದವಳಿಗೆ ಬಾಯಿ ತೆರೆದು ಕೂರುವುದೆಂದರೆ ಸಂಕಟ. ಅರ್ಧ ಊಟಕ್ಕೇ ಮುಖ ತಿರುಗಿಸಿಬಿಡುತ್ತಿದ್ದಳು.

ಆ ಆಶ್ರಮಕ್ಕೆ ಪ್ರತಿ ಭಾನುವಾರ ಮಧ್ಯಾಹ್ನ ಒಂದು ನಾಯಿ ಬರುತ್ತಿತ್ತು. ಹೆಸರು ಸರದಾರ. ಮುಧೋಳ ತಳಿಯ ತಾಯಿ, ಬೀದಿಯ ತಂದೆ. ಕರೆತರುತ್ತಿದ್ದವಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಶಾಂತಲಾ ಪತ್ತಾರ. ವಾರಕ್ಕೆ ಅವಳಿಗೆ ಇದ್ದದ್ದು ಒಂದೇ ರಜೆ, ಅದನ್ನೂ ಈ ಕೆಲಸಕ್ಕೆ ಕೊಟ್ಟಿದ್ದಳು. ಪಕ್ಕದಲ್ಲೇ ಪಾತ್ರೆ ಬಿದ್ದರೂ ಬೆಚ್ಚದಂತೆ, ಗಾಲಿಕುರ್ಚಿ ಬಾಲದ ಹತ್ತಿರ ಹಾದರೂ ಹಲ್ಲು ತೋರಿಸದಂತೆ ಸರದಾರನನ್ನು ಒಂದು ವರ್ಷ ಪಳಗಿಸಿದ್ದಳು.

ಸರದಾರ ಮಾಡುತ್ತಿದ್ದದ್ದು ಬಹಳ ಸಣ್ಣ ಕೆಲಸ. ಒಂದೊಂದು ಮಂಚದ ಹತ್ತಿರ ಹೋಗಿ ಅಂಚಿನ ಮೇಲೆ ಗದ್ದ ಇಟ್ಟು ನಿಲ್ಲುತ್ತಿದ್ದ. ತಲೆಯ ಮೇಲೆ ಕೈ ಬರುವವರೆಗೆ ಅಲ್ಲಾಡುತ್ತಿರಲಿಲ್ಲ. ಅಷ್ಟೇ. ಆದರೆ ವಾರವಿಡೀ ಗೋಡೆ ನೋಡುತ್ತಾ ಮಲಗಿದವರು ಆ ಹೊತ್ತಿಗೆ ಇತ್ತ ಹೊರಳುತ್ತಿದ್ದರು. ಮಾತೇ ಬಿಟ್ಟಿದ್ದ ಅಜ್ಜಿಯೊಬ್ಬಳು ಅವನ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು. ಏನೆಂದು ನಮಗೆ ತಿಳಿಯದು, ಸರದಾರ ಯಾರಿಗೂ ಹೇಳಲಿಲ್ಲ.

ಬಸಲಿಂಗವ್ವನ ಮಂಚಕ್ಕೂ ಬಂದ. ಅವಳಿಗೆ ಸುಮ್ಮನೆ ತಲೆ ಸವರಿ ಕಳಿಸಲು ಮನಸ್ಸಾಗಲಿಲ್ಲ. ಬಂದವರನ್ನು ಬಾಯಿಗೇನೂ ಹಾಕದೆ ಕಳಿಸಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಮಧ್ಯಾಹ್ನದ ಹೋಳಿಗೆಯ ಒಂದು ಚೂರು ಸೆರಗಿನಲ್ಲಿ ಕಟ್ಟಿಟ್ಟಿದ್ದಳು. ಎಡಗೈಯಿಂದ ತೆಗೆದು ಕೊಟ್ಟಳು. ಸರದಾರ ತಿಂದು ಅಂಗೈ ನೆಕ್ಕಿದ. ಎರಡು ವರ್ಷದ ಮೇಲೆ ಒಂದು ಜೀವ ಅವಳ ಕೈಯಿಂದ ತಿಂದಿತ್ತು. ಬಸಲಿಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂದು ರಾತ್ರಿ ತಾನೂ ಪೂರ್ತಿ ಉಂಡಳು.

ಅಂದಿನಿಂದ ಪ್ರತಿ ಭಾನುವಾರ ಒಂದು ಚೂರು. ಒಂದು ಚೂರಿನಿಂದ ಏನಾಗುತ್ತದೆ, ಹೇಳಿ?

ಇದೇ ಪ್ರಶ್ನೆಯನ್ನು ಪಕ್ಕದ ಮಂಚದ ಗುರುಪಾದಪ್ಪ ಮಾಸ್ತರರೂ ಕೇಳಿಕೊಂಡಿದ್ದರು. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಶಿಸ್ತಿನ ಮನುಷ್ಯ. ಗಾಂಧಿ ಟೋಪಿಯ ಮಡಿಕೆಯಲ್ಲಿ ಎರಡು ಬಿಸ್ಕೀಟು ಬಚ್ಚಿಡುತ್ತಿದ್ದರು. ಕಿಟಕಿಯ ಪಕ್ಕದವರು ಬೆಣ್ಣೆ ಕೊಟ್ಟರು. ಬಾಗಿಲ ಪಕ್ಕದವರು ಕರದಂಟು ಕೊಟ್ಟರು. ಆ ಆಶ್ರಮದಲ್ಲಿ ಇಪ್ಪತ್ತಾರು ಮಂದಿ ಇದ್ದರು. ಇಪ್ಪತ್ತಾರು ಮಂದಿಯೂ ಕದ್ದು ಕೊಟ್ಟರು. ಕೊಡುವವರು ತಾವೊಬ್ಬರೇ ಎಂದು ಇಪ್ಪತ್ತಾರು ಮಂದಿಯೂ ನಂಬಿದ್ದರು.

ಮುಧೋಳ ನಾಯಿಗೆ ಸೊಂಟವೆಂದರೆ ಹಿಡಿಯಷ್ಟು. ಸರದಾರನ ಸೊಂಟ ಹಿಟ್ಟಿನ ಚೀಲದಂತಾಯಿತು. ತನ್ನ ಮನೆಯಲ್ಲಿ ಅಳೆದು ಹಾಕಿದರೂ ಇದು ಹೇಗೆ ಊದುತ್ತದೆ ಎಂದು ಶಾಂತಲಾ ತಲೆ ಕೆಡಿಸಿಕೊಂಡಳು. ಇಲ್ಲಿಯ ಮಂದಿ ಮಾತ್ರ ಮೈ ಕೈ ತುಂಬಿಕೊಂಡಿದ್ದಾನೆ ಎಂದು ಹಿಗ್ಗಿದರು.

ಒಂದು ಭಾನುವಾರ ಸರದಾರ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಮೂರನೆಯ ಭಾನುವಾರ ಶಾಂತಲಾ ಒಬ್ಬಳೇ ಬಂದಳು. ಎಲ್ಲರೂ ಅವಳ ಹಿಂದೆ ಬಾಗಿಲ ಕಡೆ ನೋಡಿದರು.

“ಸರದಾರ ದವಾಖಾನ್ಯಾಗ ಇದ್ದನ್ರಿ,” ಎಂದಳು ಶಾಂತಲಾ. “ವಾಂತಿ ಮಾಡಿ ಮಾಡಿ ಏಳಲಾರದ ಮಲಗಿದ್ದ. ನಾಕ ದಿನ ಸಲಾಯಿನ್ ಹಚ್ಚಿದ್ರು. ತುಪ್ಪ, ಎಣ್ಣಿ, ಸಕ್ಕರಿ ತಿನ್ನಿಸಿ ಅದರ ಹೊಟ್ಟಿಯೊಳಗಿನ ಗ್ರಂಥಿ ಊದೈತಂತ. ಇನ್ನೊಂದ ಸಲ ಹಿಂಗಾದ್ರ ಉಳಿಯೂದಿಲ್ಲ ಅಂದಾರ ಡಾಕ್ಟರು. ಯಾರ ಕೊಟ್ಟೀರಿ ಅಂತ ನಾ ಕೇಳಂಗಿಲ್ಲ. ನೀವು ಪ್ರೀತಿಲೇ ಕೊಟ್ಟಿರಿ, ನಂಗ ಗೊತ್ತೈತಿ. ಆದ್ರ ಇನ್ನ ನಾ ಅದನ್ನ ಕರಕೊಂಡು ಬರೂದಿಲ್ರಿ.”

ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಗುರುಪಾದಪ್ಪ ಮಾಸ್ತರರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತರು.

“ನಾ ಕೊಟ್ಟೀನಿ,” ಎಂದಳು ಬಸಲಿಂಗವ್ವ. “ಹೋಳಿಗಿ. ತುಪ್ಪ ಹಚ್ಚಿದ್ದು. ವಾರ ವಾರ ಕೊಟ್ಟೀನಿ.”

ಒಬ್ಬಳು ಒಪ್ಪಿದ ಮೇಲೆ ಉಳಿದವರ ಬಾಯಿಯೂ ಬಿಚ್ಚಿತು. ನಾನು ಬೆಣ್ಣೆ, ನಾನು ಕರದಂಟು. “ನಾ ಬರೇ ಎರಡ ಬಿಸ್ಕೀಟ,” ಎಂದರು ಮಾಸ್ತರರು. “ಅದೂ ಸಣ್ಣವು.” ಯಾರಿಗೂ ನಗು ಬರಲಿಲ್ಲ.

ಬಸಲಿಂಗವ್ವ ಶಾಂತಲಾಳನ್ನು ಹತ್ತಿರ ಕರೆದಳು. “ತಂಗಿ, ಒಂದ ಸಲ ಕರಕೊಂಡು ಬಾ. ಯಾರ ಕೈಯಿಂದರ ಒಂದ ತುಣುಕ ಅದರ ಬಾಯಿಗೆ ಹೋತಂದ್ರ ಮತ್ತ ಈ ಬಾಗಲಾ ತುಳೀಬ್ಯಾಡ. ಇದು ನನ್ನ ಮಾತು.”

“ಇಪ್ಪತ್ತಾರು ಮಂದಿ ಕೈ ನೀವೊಬ್ರ ಹೆಂಗ ಹಿಡೀತೀರಿ, ಅವ್ವಾರ?”

“ನನ್ನ ಕೈ ಮೊದಲ ಹಿಡೀತೀನಿ. ಆಮ್ಯಾಲ ಉಳಿದದ್ದು.”

ಆ ವಾರ ಬಸಲಿಂಗವ್ವ ಸುಮ್ಮನೆ ಕೂರಲಿಲ್ಲ. ಗಾಲಿಕುರ್ಚಿಯಲ್ಲಿ ಮಂಚದಿಂದ ಮಂಚಕ್ಕೆ ಹೋದಳು. ಒಂದೇ ಕೈಯಿಂದ ಗಾಲಿ ನೂಕಿದರೆ ಕುರ್ಚಿ ಇದ್ದಲ್ಲೇ ಸುತ್ತುತ್ತದೆ. ಎಡಗಾಲನ್ನು ನೆಲಕ್ಕೆ ಊರಿ ಎಳೆದುಕೊಂಡು ಹೋಗಬೇಕು. ಒಂದು ಮಂಚ ದಾಟುವುದರಲ್ಲಿ ಬೆವರು ಇಳಿಯುತ್ತಿತ್ತು. ಹಾಸಿಗೆ ಹಿಡಿದವರ ಕೋಣೆಗಳ ಮೆಟ್ಟಿಲು ಬಂದಾಗ ಆಯಾ ಕುರ್ಚಿ ಎತ್ತಿ ಹತ್ತಿಸಿದಳು. ಆದರೂ ಇಪ್ಪತ್ತೈದು ಮಂಚಕ್ಕೂ ಹೋಗಿ ಒಬ್ಬೊಬ್ಬರಿಂದಲೂ ಮಾತು ಪಡೆದಳು. ಮಾಸ್ತರರ ಟೋಪಿಯನ್ನು ಶನಿವಾರವೇ ಜಪ್ತಿ ಮಾಡಿದಳು.

ಭಾನುವಾರ ಸರದಾರ ಬಂದ. ಎಲುಬು ಕಾಣುತ್ತಿದ್ದವು. ನೇರವಾಗಿ ಬಸಲಿಂಗವ್ವನ ಸೆರಗಿಗೆ ಮೂಗು ಹಾಕಿದ. ಗಂಟು ಹುಡುಕಿದ. ಅವಳು ಎಡಗೈ ಬಿಚ್ಚಿ ತೋರಿಸಿದಳು. ಅಂಗೈ ಬರಿದಾಗಿತ್ತು. ಸರದಾರ ಮೂಸಿದ, ಅವಳ ಮುಖ ನೋಡಿದ, ತಿರುಗಿ ಹೊರಟುಹೋದ. ಅಂದು ಅವಳು ಊಟ ಮಾಡಲಿಲ್ಲ. ತಾನು ಅವನಿಗೆ ಬೇಕಾಗಿದ್ದದ್ದು ಹೋಳಿಗೆಗಷ್ಟೇ ಎಂದು ಅವಳಿಗೆ ಬಹಳ ನೋವಾಗಿತ್ತು. ಕಥೆ ಕೇಳುವ ನಿಮಗೆ ಇದು ಸಣ್ಣದೆನಿಸಬಹುದು. ಬಯಸಿ ಕೊಡುವವರನ್ನು ಕೊಡಬೇಡಿ ಎಂದು ಕೂರಿಸಿ ನೋಡಿ, ಆಗ ಗೊತ್ತಾಗುತ್ತದೆ.

ಮುಂದಿನ ಭಾನುವಾರ ಅವಳು ಶಾಂತಲಾಳನ್ನು ಕೇಳಿದಳು. “ಇದಕ್ಕ ಏನ ಬೇಕು, ಹೇಳು. ನಂಗ ಏನ ಕೊಡಬೇಕನಸ್ತೈತಿ ಅನ್ನೂದು ಬಿಡು. ಇದಕ್ಕ ಏನ ಬೇಕು?”

ಶಾಂತಲಾ ಸ್ವಲ್ಪ ಯೋಚಿಸಿದಳು. “ನೀರ ಬೇಕ್ರಿ. ಇಷ್ಟ ಮಂಚ ಸುತ್ತೂದ್ರೊಳಗ ನಾಲಿಗಿ ಒಣಗಿರತೈತಿ. ಮತ್ತ ಮೈ ತಿಕ್ಕಿ ಬಾಚಿದ್ರ ಅದಕ್ಕ ಭಾಳ ಸುಖ.”

ಬಸಲಿಂಗವ್ವ ಹಣೆಗೆ ಕೈ ಹಚ್ಚಿಕೊಂಡಳು. ನಲವತ್ತು ವರ್ಷ ಮೊದಲು ನೀರಿನ ತಂಬಿಗೆ, ಆಮೇಲೆ ತಾಟು ಇಟ್ಟವಳು ಅವಳು. ಇಪ್ಪತ್ತಾರು ಮಂದಿ ಆ ನಾಯಿಗೆ ಏನೆಲ್ಲ ತಿನ್ನಿಸಿದ್ದರು, ಒಬ್ಬರೂ ನೀರು ಇಟ್ಟಿರಲಿಲ್ಲ. ಅಂದೇ ಆಯಾಳಿಗೆ ಹೇಳಿ ಬೋಗುಣಿ ತರಿಸಿದಳು. ಬಾಚಣಿಗೆ ಎಡಗೈಯಲ್ಲಿ ಹಿಡಿದಳು. ಮೊದಮೊದಲು ಜಾರಿ ಬೀಳುತ್ತಿತ್ತು, ಆಯಾ ಎತ್ತಿ ಕೊಡುತ್ತಿದ್ದಳು. ನಾಲ್ಕನೆಯ ಭಾನುವಾರ ಸರದಾರ ನೀರು ಕುಡಿದು ಬಂದು, ಸೆರಗು ಮೂಸದೆ, ಅವಳ ತೊಡೆಯ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿದ. ಅವಳು ಬಾಚುತ್ತಲೇ ಇದ್ದಳು. ಅವಳಿಗೆ ಅಷ್ಟು ಸಂತೋಷವಾಗಿ ಎಷ್ಟೋ ದಿನವಾಗಿತ್ತು.

ಇಷ್ಟರಲ್ಲಿ ಆಶ್ರಮದ ವಾರ್ಷಿಕೋತ್ಸವ ಬಂತು. ಈ ಸಲ ಸರದಾರನಿಗೆ ಸನ್ಮಾನ ಮಾಡಬೇಕೆಂದು ಆಶ್ರಮದ ಕಾರ್ಯದರ್ಶಿಗಳು ತೀರ್ಮಾನಿಸಿದರು. ನಮ್ಮಲ್ಲಿ ಸನ್ಮಾನವೆಂದರೆ ಗೊತ್ತಲ್ಲ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ನಾಯಿಯಾದರೂ ಅದರಲ್ಲಿ ಒಂದೂ ಕಡಿಮೆಯಾಗಲಿಲ್ಲ. ಮುಖ್ಯ ಅತಿಥಿಯಾಗಿ ಬಂದವರು ಮಿಠಾಯಿ ಅಂಗಡಿಯ ಚಂದ್ರಕಾಂತಪ್ಪನವರು. ಹಾಸಿಗೆ ಹಿಡಿದವರ ಕೋಣೆಗಳಿಗೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ಕಟ್ಟಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಹಾಗಾಗಿ ಕಾರ್ಯದರ್ಶಿಗಳು ಅವರ ಮುಂದೆ ನೆಟ್ಟಗೆ ನಿಲ್ಲುತ್ತಲೂ ಇರಲಿಲ್ಲ.

ಸಭಾಂಗಣ ತುಂಬಿತ್ತು. ಸರದಾರನ ಪೇಟ ಒಂದು ಕಿವಿಯ ಮೇಲೆ ಜಾರಿತ್ತು. ಶಾಲು ಹೊದೆಸಿದರು, ಚಪ್ಪಾಳೆ ಬಿತ್ತು. ಫೋಟೋಗೆ ಅಡ್ಡವಾಗುತ್ತದೆ ಎಂದು ಶಾಂತಲಾಳನ್ನು ವೇದಿಕೆಯ ಆ ಕೊನೆಗೆ ಸರಿಸಿದರು. ಆಗ ಚಂದ್ರಕಾಂತಪ್ಪನವರು ತಮ್ಮ ಅಂಗಡಿಯ ಪೇಡೆಯ ಡಬ್ಬಿ ತೆರೆದರು.

“ಬಾಯಿ ಸಿಹಿ ಮಾಡದ ಸನ್ಮಾನ ಮುಗಿಯೂದಿಲ್ಲ,” ಎಂದು ಒಂದು ಪೇಡೆ ಎತ್ತಿದರು. ಫೋಟೋದವನು ಹತ್ತಿರ ಬಂದ.

“ಬ್ಯಾಡ್ರಿ,” ಎಂದು ಶಾಂತಲಾ ಕೂಗಿದಳು. ಧ್ವನಿವರ್ಧಕದ ಹಾಡಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಬಸಲಿಂಗವ್ವ ಮೊದಲ ಸಾಲಿನಲ್ಲಿದ್ದಳು. ವೇದಿಕೆ ಎಂದರೆ ಅಲ್ಲಿ ಬರೀ ಜಮಖಾನೆ ಹಾಸಿದ ನೆಲ, ಮೆಟ್ಟಿಲಿರಲಿಲ್ಲ. ಅವಳು ಎಡಗಾಲು ಊರಿದಳು. ಕುರ್ಚಿ ಜಮಖಾನೆಯ ಅಂಚಿಗೆ ಸಿಕ್ಕಿ ನಿಂತಿತು. ಕಾರ್ಯದರ್ಶಿಗಳು ಕಣ್ಣು ಬಿಟ್ಟು ಹಿಂದೆ ಹೋಗುವಂತೆ ಸನ್ನೆ ಮಾಡಿದರು. ಅವಳು ನೋಡಿಯೂ ನೋಡದವಳಂತೆ ಇನ್ನೊಮ್ಮೆ ಎಳೆದಳು, ಕುರ್ಚಿ ಅಂಚು ಹತ್ತಿತು. ಸರದಾರ ಪೇಡೆಯನ್ನೇ ನೋಡುತ್ತಾ ಜೊಲ್ಲು ಸುರಿಸುತ್ತಿದ್ದ. ಪೇಡೆ ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿದ್ದಾಗ ಬಸಲಿಂಗವ್ವ ಅತಿಥಿಗಳ ಮಣಿಕಟ್ಟು ಹಿಡಿದಳು. ರೊಟ್ಟಿ ಬಡಿದ ಕೈ. ಅವರಿಗೆ ಬಿಡಿಸಿಕೊಳ್ಳಲಾಗಲಿಲ್ಲ.

ಹಾಡು ನಿಂತಿತು. ಕಾರ್ಯದರ್ಶಿಗಳ ಮುಖ ಬಿಳಿಚಿತು, ಅವರ ಕಣ್ಣೆದುರಿಗೇ ಇಳಿಜಾರು ಜಾರಿಹೋಗುತ್ತಿತ್ತು. “ಅಜ್ಜಿ, ಕೈ ಬಿಡ್ರಿ. ಯಾರು ಅಂತ ತಿಳಕೊಂಡೀರಿ?” ಎಂದರು.

“ಯಾರರ ಆಗಲಿ,” ಎಂದಳು ಬಸಲಿಂಗವ್ವ. ಆಮೇಲೆ ಅತಿಥಿಗಳ ಕಡೆ ತಿರುಗಿದಳು. “ಸಾವಕಾರ್ರ, ನಾನೂ ನಿಮ್ಮಂಗ ಊರಿಗೆ ತಿನ್ನಿಸಿದಾಕಿ. ಈ ಕೈ ಸುಮ್ಮನಿರೂದಿಲ್ಲ, ನಂಗ ಗೊತ್ತೈತಿ. ಹಿಂಗ ಪ್ರೀತಿಲೇ ತಿನ್ನಿಸಿ ನಾವೆಲ್ಲಾ ಇದನ್ನ ಸಾವಿನ ಬಾಗಲಕ್ಕ ಕಳಿಸಿದ್ವಿ. ನಿಮ್ಮ ಪೇಡೆ ತಿಂದ್ರ ಇದು ಉಳಿಯೂದಿಲ್ಲ. ಇಲ್ಲಿ ಹಾಸಿಗಿ ಮ್ಯಾಲ ಇರೋ ಮಂದೀಗೆ ವಾರಕ್ಕ ಇರೂದು ಇದೊಂದ ಸುಖ.”

ಚಂದ್ರಕಾಂತಪ್ಪನವರ ಮುಖ ಕೆಂಪಾಯಿತು. ಪೇಡೆ ಇನ್ನೂ ಬೆರಳಲ್ಲೇ ಇತ್ತು. ಅಷ್ಟು ಜನರ ಎದುರು ಅದನ್ನು ಡಬ್ಬಿಗೆ ಮರಳಿ ಹಾಕುವುದೂ ಅವಮಾನ. ಬಸಲಿಂಗವ್ವನಿಗೆ ಅದು ಅರ್ಥವಾಯಿತು. ಎತ್ತಿದ ತುತ್ತು ಕೆಳಗಿಡುವವರ ಕಷ್ಟ ಅವಳಿಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು?

“ತಿನ್ನಿಸೂದ ಇದ್ರ ನಂಗ ತಿನ್ನಿಸ್ರಿ,” ಎಂದಳು. “ನಂಗ ಸಕ್ಕರಿ ರೋಗ ಇಲ್ಲ.” ಅಷ್ಟು ಜನರ ಮುಂದೆ ಬಾಯಿ ತೆರೆದಳು.

ಚಂದ್ರಕಾಂತಪ್ಪನವರು ಪೇಡೆಯನ್ನು ಅವಳ ಬಾಯಿಗೆ ಹಾಕಿದರು. ಗುರುಪಾದಪ್ಪ ಮಾಸ್ತರರು ಮೊದಲು ನಕ್ಕರು, ಆಮೇಲೆ ಸಭೆಯೆಲ್ಲ ನಕ್ಕಿತು. ಅತಿಥಿಗಳೂ ನಕ್ಕರು. “ಅವ್ವಾ, ಹಂಗಾದ್ರ ಇದಕ್ಕ ನಾ ಏನ ಕೊಡ್ಲಿ?” ಎಂದು ಕೇಳಿದರು.

“ಅದನ್ನ ಕೇಳಿದ್ರಲ್ಲಾ, ಅಷ್ಟ ಸಾಕು. ಆ ಶಾಲು, ಪೇಟ ತೆಗೀರಿ, ಅದಕ್ಕ ಸೆಕಿ ಆಗೈತಿ.”

ಅವರೇ ಬಾಗಿ ಶಾಲು ತೆಗೆದರು, ಪೇಟ ತೆಗೆದರು. ಸರದಾರ ಮೈ ಕೊಡವಿದ. ಭಾಷಣ ಇನ್ನೂ ಮೂರು ಬಾಕಿ ಇದ್ದವು. ಅವನು ಅದಕ್ಕೆ ಕಾಯಲಿಲ್ಲ. ಭಾನುವಾರ ಮಧ್ಯಾಹ್ನವಾಗಿತ್ತು. ಸಭೆಗೆ ಬರಲಾರದೆ ಮಲಗಿದವರ ಕೋಣೆಗಳ ಕಡೆ ಹೊರಟ. ಕಾರ್ಯದರ್ಶಿಗಳು ಹಿಡಿಯಲು ಕೈ ಚಾಚಿದರು.

“ಬಿಡ್ರಿ,” ಎಂದರು ಚಂದ್ರಕಾಂತಪ್ಪನವರು. “ಅದು ಕೆಲಸಕ್ಕ ಹೊಂಟೈತಿ.”

ಸಾಲಿನಲ್ಲಿ ಕೂತಿದ್ದವರು ಕೋಲು ಒಳಗೆಳೆದುಕೊಂಡರು, ಕುರ್ಚಿ ಸರಿಸಿದರು, ಕಾಲು ಮಡಚಿದರು. ಸಭಾಂಗಣದ ನಡುವೆ ದಾರಿಯಾಯಿತು. ಸರದಾರ ಆ ದಾರಿಯಲ್ಲಿ ನಡೆದು ಹೋದ. ಯಾರ ಕೈಯಲ್ಲೂ ಏನೂ ಇರಲಿಲ್ಲ.

ನೀತಿ: ಯಾರನ್ನಾದರೂ ಗೌರವಿಸಬೇಕೆಂದರೆ ಅವರಿಗೆ ಏನು ಒಳ್ಳೆಯದು ಎಂದು ಮೊದಲು ಕೇಳಿ ತಿಳಿಯಬೇಕು. ನಮ್ಮ ಕೈ ಎಷ್ಟೇ ತುರಿಸಲಿ, ಅದನ್ನು ಮಾತ್ರ ಕೊಡಬೇಕು. ಕೊಡಬಾರದ್ದನ್ನು ಕೊಡದೆ ತಡೆಯುವುದಕ್ಕೆ ಕೊಡುವುದಕ್ಕಿಂತ ಹೆಚ್ಚಿನ ಪ್ರೀತಿ ಬೇಕು.