ಕೆಂಚೀರ ವಿಮಾನದಿಂದ ಇಳಿದದ್ದು

ಕತೆ ಕೇಳೋರೆಲ್ಲ ಈಗಲೇ ಬಾಯಿ ಮುಚ್ಚಿಕೊಳ್ಳಿ, ಆಮೇಲೆ ನಗೋದಕ್ಕೆ ಬೇಕಾಗುತ್ತೆ.

ಸಣ್ಣತಾಯಮ್ಮನಿಗೆ ಒಬ್ಬನೇ ಮಗ, ಕೆಂಚೀರ. ಆಳು ಆನೆ ಹಂಗೆ, ಬುದ್ಧಿ ಸಾಸಿವೆ ಕಾಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಇಂಥವನಿಗೆ ಯಾರು ಹೆಣ್ಣು ಕೊಡ್ತಾರೆ ಅಂತ ತಾಯಿ ಅತ್ತೂ ಅತ್ತೂ, ಮೋಡಬೆಟ್ಟದ ದೇವರಿಗೆ ಹರಕೆ ಹೊತ್ತಳು. ಹೆಣ್ಣು ಸಿಕ್ಕರೆ ಮಗನ ಜೊತೆ ನಡ್ಕೊಂಡೇ ಬೆಟ್ಟ ಹತ್ತುತೀನಿ ಅಂತ. ಸಿಕ್ಕಿತು. ಬೆಟ್ಟದಾಚೆ ಊರಿನ ಚೆಲುವಿ. ಆಚೆ ಕಡೆ ಬರೀ ಕಮರಿ, ಪುಟಾಣಿ ವಿಮಾನದಲ್ಲೇ ಇಳಿಯಬೇಕು. ಇಳಿದರೆ ಅವತ್ತು ಸಂಜೆಗೇ ವೀಳ್ಯಶಾಸ್ತ್ರ.

ಹರಕೆ ತೀರಿಸೋಕೆ ಇಬ್ಬರೂ ಬೆಟ್ಟ ಹತ್ತೋಕೆ ಹೊರಟರು. "ಮುಂದೆ ಹೋಗೋರು ಕಾಲಿಟ್ಟಲ್ಲೇ ಕಾಲಿಡು ಮಗ," ಅಂದಳು ತಾಯಿ.

ಮುಂದೆ ಹೋಗ್ತಿದ್ದ ಊರಿನ ಮೇಷ್ಟ್ರು ಜಾರಿ ಕೆಸರಿಗೆ ಬಿದ್ದರು. ಕೆಂಚೀರನೂ ಅಲ್ಲೇ ಬಿದ್ದ, ಮೇಷ್ಟ್ರ ಮೇಲೇ.

"ಅಯ್ಯೋ ನನ್ನ ಹಣೇಬರವೇ, ಬಿದ್ದೋರ ಮೇಲೆ ಬೀಳ್ತಾರೇನ್ಲಾ? ಬಿದ್ದಿರೋರ್ನ ಎತ್ತಿ ಹೆಗಲ ಮೇಲೆ ಹಾಕ್ಕೊಂಡು ಬರಬೇಕು."

"ಆಗಲಿ ಕಣವ್ವ."

ತುದಿ ಮುಟ್ಟಿದರು, ಕಾಯಿ ಒಡೆಸಿದರು, ವಿಮಾನದ ಬಯಲಿಗೆ ಬಂದರು. ಆಟೋಗಿಂತ ಒಂಚೂರು ದೊಡ್ಡ ವಿಮಾನ. ರೆಕ್ಕೆಯ ನೆರಳಲ್ಲಿ ಒಬ್ಬ ಮುಖಕ್ಕೆ ಟೋಪಿ ಮುಚ್ಕೊಂಡು ಬಿದ್ದುಕೊಂಡಿದ್ದ. ಕೆಂಚೀರ ಎತ್ತಿದ, ಹೆಗಲಿಗೆ ಹಾಕ್ಕೊಂಡ, ತಾಯಿ ಮುಂದೆ ತಂದು ಇಳಿಸಿದ. ನೋಡಿದರೆ ಪೈಲಟ್ಟು.

"ತಾಯೀ, ಇವನು ನನ್ನ ಮುಟ್ಟಕೂಡದು. ನಾನೂ ಇವನ್ನ ಮುಟ್ಟಲ್ಲ," ಅಂತ ಪೈಲಟ್ಟು ಎರಡು ಮಾರು ಹಿಂದೆ ಸರಿದ.

"ಮಲಗಿರೋರ್ನ ಎತ್ತುತಾರೇನ್ಲಾ ಮುಂಡೇದೆ? ವಿಮಾನದಲ್ಲಿ ಕೂತ ಕಡೆ ಕೂತಿರು. ಯಾರಾದರೂ ಕೈ ಹಿಡಿದು ಎಬ್ಬಿಸೋ ತನಕ ಏಳಬೇಡ."

"ಆಗಲಿ ಕಣವ್ವ."

ವಿಮಾನ ಹಾರಿತು, ಇಳಿಯಿತು. ಕೆಳಗೆ ಬೀಗರು ವೀಳ್ಯದ ತಟ್ಟೆ ಹಿಡಿದು ನಿಂತಿದ್ದರು. ಕಂಡ ಖುಷಿಗೆ ತಾಯಿ ದಡದಡ ಇಳಿದಳು, ಮಗ ಹಿಂದೆ ಬರ್ತಾನೆ ಅಂತ. ಮಗ ಕೂತಿದ್ದ.

"ಇಳಿಯಪ್ಪ," ಅಂದ ಪೈಲಟ್ಟು.

"ಕೈ ಹಿಡಿದು ಎಬ್ಬಿಸು."

"ನಾ ಮುಟ್ಟಲ್ಲ."

ಬೆಟ್ಟದ ಮೇಲೆ ಉಳಿದೋರು ಕಾಯ್ತಿದ್ದರು, ಮೋಡ ಬೇರೆ ಮುಚ್ಚೋದರಲ್ಲಿತ್ತು. ಪೈಲಟ್ಟು ಬಾಗಿಲು ಹಾಕಿ ಹಾರಿಸಿಯೇಬಿಟ್ಟ. ತಾಯಿ ತಿರುಗಿ ನೋಡ್ತಾಳೆ, ಮದುವೆಗಂಡು ಆಕಾಶದಲ್ಲಿ!

"ಗಂಡು ಓಡಿಹೋಯ್ತಲ್ಲಮ್ಮ," ಅಂದರು ಬೀಗರು, ಮುಖ ಹುಳ್ಳಗೆ ಮಾಡಿಕೊಂಡು.

"ಓಡಿಲ್ಲ ಕಣಪ್ಪ, ಕೂತದೆ," ಅಂತ ಅತ್ತು ಸಣ್ಣತಾಯಮ್ಮ ಇದ್ದದ್ದೆಲ್ಲ ಹೇಳಿದಳು.

ಚೆಲುವಿ ಕಿಸಕ್ಕನೆ ನಕ್ಕಳು. ವಿಮಾನ ವಾಪಸ್ ಬಂದಿದ್ದೇ ತಡ, ಸೆರಗು ಸಿಕ್ಕಿಸಿ ಹತ್ತಿದಳು. "ಏಳಿ, ಬೆಟ್ಟ ಎರಡು ಸಲ ನೋಡಿದ್ದು ಸಾಕು," ಅಂತ ಕೈ ಹಿಡಿದು ಎಬ್ಬಿಸಿದಳು.

ಎದ್ದ. ತಾಯಿಗೆ ಹೋದ ಜೀವ ಬಂತು.

"ಮೆಟ್ಟಿಲು ಹುಷಾರು ಮಗ, ಆ ಕೈ ಬಿಡಬೇಡ."

"ಆಗಲಿ ಕಣವ್ವ."

ಬಿಡಲಿಲ್ಲ. ಮೆಟ್ಟಿಲು ಇಳಿದ ಮೇಲೂ ಬಿಡಲಿಲ್ಲ, ಉಣ್ಣುವಾಗಲೂ ಬಿಡಲಿಲ್ಲ. ಬೀಗರು ಇನ್ನೇನು ಮಾಡ್ತಾರೆ, ಮಾರನೇ ಬೆಳಗ್ಗೆಯೇ ಧಾರೆಗೆ ಕೂರಿಸಿದರು. ತಾಳಿಗೆ ಗಂಟು ಹಾಕೋಕೆ ಎರಡು ಕೈ ಬೇಕಪ್ಪ, ಒಂದು ಗಳಿಗೆ ಬಿಡು ಅಂತ ಪುರೋಹಿತರು ಬೇಡಿಕೊಂಡರು.

ಕೆಂಚೀರ ಬಗ್ಗಿದ. ಮೂರು ಗಂಟೂ ಹಲ್ಲಲ್ಲೇ ಹಾಕಿದ.